ರಾಯಚೂರಿನವರೇ, ನನಗೆ 18,000 ರೂಪಾಯಿಗೆ ಬೇರೊಬ್ಬರ ಟ್ರೇಡಿಂಗ್ ಪ್ಲ್ಯಾನ್ ಮಾರಿದರು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಮ್ಮೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನ ಅಡತ್ (ದಲ್ಲಾಳಿ) ಅಂಗಡಿಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನಾನು, ರೈತರ ಪಟ್ಟಿಯಲ್ಲಿ ಹಮಾಲಿಯ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿಯುವವನು. ನನ್ನ ಸ್ವಂತ ದುಡ್ಡಿನ ಲೆಕ್ಕವನ್ನು ಮಾತ್ರ ಕೂಡಿ ಕಳೆದು ನೋಡಲಿಲ್ಲ.

2025ರ ಜೂನ್‌ನಲ್ಲಿ ಹತ್ತಿಯ ಆವಕ ಮುಗಿದು ಕೈ ಬಿಡುವಾಗಿತ್ತು. ಊರಿನ ಒಂದು ಷೇರು ತರಬೇತಿ ಕೇಂದ್ರದವರು ‘ನಿಮ್ಮ ಬಂಡವಾಳಕ್ಕೆ, ನಿಮ್ಮ ಸಮಯಕ್ಕೆ ತಕ್ಕ ಪ್ಲ್ಯಾನ್’ ಮಾಡಿಕೊಡುತ್ತೇವೆಂದರು. ಷೇರು, ಸೂಚ್ಯಂಕಗಳ ಮುಂದಿನ ಬೆಲೆಯ ಮೇಲೆ ನಡೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 2021-22ರಿಂದ 2023-24ರವರೆಗೆ ಶೇ. 93ರಷ್ಟು ವೈಯಕ್ತಿಕವಾಗಿ ವ್ಯವಹಾರ ಮಾಡುವವರು ದುಡ್ಡು ಕಳೆದುಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯೇ 2024ರಲ್ಲಿ ಹೇಳಿದ್ದನ್ನು ಪೇಪರಿನಲ್ಲಿ ಓದಿದ್ದೆ, ಅದನ್ನೇ ಕೇಳಿದೆ. ಕೇಂದ್ರದಲ್ಲಿ ನನ್ನೊಡನೆ ಮಾತಾಡಿದ ಮನುಷ್ಯ ನಕ್ಕು, “ಆ 93 ಮಂದೀಗೆ ಪ್ಲ್ಯಾನ್ ಇರ್ಲಿಲ್ಲ ಸರ್, ನೀವು ಉಳಿದ ಏಳು ಮಂದ್ಯಾಗ ಬರ್ತೀರಿ” ಎಂದರು. ಆ ಮಾತಿಗೇ ನಾನು ಬಿದ್ದೆ. ನನ್ನ ಬಳಿ ಇರುವುದು 1,20,000 ರೂಪಾಯಿ ಮಾತ್ರ ಎಂದು ಅವರದೇ ಫಾರಂನಲ್ಲಿ ನನ್ನ ಕೈಯಾರೆ ಬರೆದುಕೊಟ್ಟು, 18,000 ಫೋನ್‌ಪೇ ಮಾಡಿದೆ. ಆ ದುಡ್ಡು ಕೇಂದ್ರದ ಖಾತೆಗಲ್ಲ, ಆ ಮನುಷ್ಯನ ಸ್ವಂತ ನಂಬರಿಗೆ ಹೋಯಿತು.

ನಾಲ್ಕು ದಿನಕ್ಕೆ ಸ್ಪೈರಲ್ ಹಾಕಿದ ಪುಸ್ತಕ ಬಂತು, ರಟ್ಟಿನ ಮೇಲೆ ನನ್ನ ಹೆಸರು ಬಂಗಾರದ ಬಣ್ಣದಲ್ಲಿತ್ತು. ಒಂದು ವ್ಯವಹಾರದಲ್ಲಿ ಬಂಡವಾಳದ ಶೇ. 2ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು, ಆದ್ದರಿಂದ ಸ್ಟಾಪ್‌ಲಾಸ್ (ನಷ್ಟ ಇಷ್ಟಾದರೆ ಅಲ್ಲಿಗೇ ಮಾರಿ ಹೊರಬರುವ ಮಿತಿ) 10,000 ರೂಪಾಯಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆಗ ನಿಫ್ಟಿ ಸೂಚ್ಯಂಕದ ಆಪ್ಷನ್ನಿನ ಒಂದು ಲಾಟ್ (ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಸಂಖ್ಯೆ) 75; ಪ್ರೀಮಿಯಂ (ಒಂದರ ಬೆಲೆ) 130 ರೂಪಾಯಿ ಇರುವ ಆಪ್ಷನ್ ಕೊಂಡರೆ ಒಟ್ಟು 9,750. ಅಂದರೆ ಪ್ರೀಮಿಯಂ ಪೂರ್ತಿ ಸೊನ್ನೆಯಾದರೂ ನನ್ನ ಸ್ಟಾಪ್‌ಲಾಸ್ ಬರುತ್ತಿರಲಿಲ್ಲ! ಪುಸ್ತಕದಲ್ಲಿ ಬರೆದಂತೆಯೇ ಆರು ಸಲ ಮಾಡಿದೆ. ಒಂದರಲ್ಲಿ 3,100 ಬಂತು, ಐದರಲ್ಲಿ ಸೇರಿ 46,300 ಹೋಯಿತು.

ಐದನೆಯ ನಷ್ಟವಾದ ಗುರುವಾರದ ರಾತ್ರಿ ಊಟ ಬಿಟ್ಟು ಪುಸ್ತಕವನ್ನು ಮೊದಲಿನಿಂದ ಓದಿದೆ. ಹದಿನಾಲ್ಕನೆಯ ಪುಟದಲ್ಲಿ ‘ನಿಮ್ಮ 5,00,000 ರೂಪಾಯಿ ಬಂಡವಾಳ’ ಎಂದಿತ್ತು. ಅದರ ಕೆಳಗೆ, ‘ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ವ್ಯವಹಾರ ಮಾಡಿ’ ಎಂದಿತ್ತು. ನನಗೆಲ್ಲಿಯ ಔಷಧಿ ಅಂಗಡಿ? ಯಾರಿಗೋ ಮಾಡಿದ್ದ ಪ್ಲ್ಯಾನಿಗೆ ರಟ್ಟು ಬದಲಿಸಿ ನನಗೆ ಕೊಟ್ಟಿದ್ದರು. ನನ್ನ 1,20,000ಕ್ಕೆ ಶೇ. 2 ಎಂದರೆ 2,400. ಅವರು ಬರೆದ 10,000 ಎಂದರೆ ಶೇ. 8ಕ್ಕೂ ಮೇಲೆ. ಮೂರನೇ ಇಯತ್ತೆಯ ಗಣಿತ. ನಾನು ಮಾಡಲಿಲ್ಲ, ಬಂಗಾರದ ಅಕ್ಷರ ನೋಡುತ್ತಾ ಕೂತೆ.

ಮರುದಿನ ಹೋಗಿ ಪುಟ ತೆರೆದು ತೋರಿಸಿದೆ. ಮೊದಲು, “ಟೈಪಿಂಗ್ ಮಿಸ್ಟೇಕ್ ಅದ ರೀ” ಎಂದರು. ಔಷಧಿ ಅಂಗಡಿಯೂ ಟೈಪಿಂಗ್ ಮಿಸ್ಟೇಕೇ ಎಂದು ಕೇಳಿದ್ದಕ್ಕೆ, “ಪ್ಲ್ಯಾನ್ ಕರೆಕ್ಟ್ ಅದ ಸರ್, ನಿಮ್ಮ ಸೈಕಾಲಜೀನೇ ಸರಿ ಇಲ್ಲ” ಎಂದರು. ಹೂಡಿಕೆ ಸಲಹೆಗಾರರಿಗೆ ಇರಬೇಕಾದ ಸೆಬಿಯ ನೋಂದಣಿ ಸಂಖ್ಯೆ ಕೇಳಿದೆ. “ನಾವು ಸಲಹಾ ಕೊಡಂಗಿಲ್ರಿ, ಕಲಸ್ತೀವಿ ಅಷ್ಟೇ” ಎಂದು ರಸೀದಿಯಲ್ಲಿದ್ದ ‘ತರಬೇತಿ ಶುಲ್ಕ’ ಎಂಬ ಸಾಲಿನ ಮೇಲೆ ಬೆರಳಿಟ್ಟರು. ಆ ಎರಡು ಪದಗಳನ್ನು ಯಾಕೆ ಹಾಕಿದ್ದರೆಂದು ನನಗೆ ಆಗ ತಿಳಿಯಿತು. ಕೊನೆಗೆ, ಇನ್ನೂ 7,000 ಹಾಕಿದರೆ ‘ರಿವೈಸ್ಡ್ ಪ್ಲ್ಯಾನ್’ ಮಾಡಿಕೊಡುತ್ತೇವೆ ಎಂದರು! ಹೆಸರು ಬರೆದರೆ ವಕೀಲರ ನೋಟಿಸ್ ಕಳಿಸುತ್ತೇವೆಂದೂ ಹೇಳಿದ್ದಾರೆ, ಅದಕ್ಕೇ ಹೆಸರು ಬರೆದಿಲ್ಲ.

ದುಡ್ಡು ಕೊಡುವ ಮುಂಚೆ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ವೆಬ್‌ಸೈಟಿನ ಪಟ್ಟಿಯಲ್ಲಿ ಅದು ಇದೆಯೇ ಎಂದು ನೀವೇ ನೋಡಿ. ಹೂಡಿಕೆ ಸಲಹೆಗಾರರ ಸಂಖ್ಯೆ ಐಎನ್‌ಎ ಎಂದು ಆರಂಭವಾಗುತ್ತದೆ. ಪ್ಲ್ಯಾನ್ ಕೈಗೆ ಬಂದ ಮೇಲೆ ರಟ್ಟು ಬಿಟ್ಟು ಒಳಗಿನ ಅಂಕಿಗಳನ್ನು ನಿಮ್ಮ ಪಾಸ್‌ಬುಕ್ ಪಕ್ಕದಲ್ಲಿಟ್ಟು ಕೂಡಿ. ನಿನ್ನೆ ಗಂಜ್‌ನ ಗೇಟಿನ ಹತ್ತಿರ ಇಬ್ಬರು ಹುಡುಗರು ಅದೇ ಕೇಂದ್ರದ ಹೊಸ ಬ್ಯಾಚಿನ ಕರಪತ್ರ ಹಂಚುತ್ತಿದ್ದರು. ನನ್ನ ಕೈಗೂ ಒಂದನ್ನು ಕೊಟ್ಟು, “ಬರ್ರಿ ಅಣ್ಣಾ, ಡೆಮೊ ಫ್ರೀ ಅದ” ಎಂದರು.