ಟೋಕಿಯೊದ ಓಣಿಗಳಲ್ಲಿ ರಿಕೋ ಜಿಆರ್ 3: ಎರಡು ವರ್ಷ ಬಳಸಿದ ಮೇಲೆ

ರಿಕೋ ಜಿಆರ್ 3 ಕ್ಯಾಮೆರಾವನ್ನು ನಾನು ಕೊಂಡದ್ದು ಟೋಕಿಯೊದ ನಾಕಾನೊ ಪ್ರದೇಶದ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ. ಕೆಲಸದ ನಿಮಿತ್ತ ಅದೇ ಊರಿನ ನಿಶಿ-ಕಸಾಯ್‌ನಲ್ಲಿ ನೆಲೆಸಿರುವ ನನಗೆ ಫೋಟೊಗ್ರಫಿಗೆ ಸಿಗುವುದು ಶನಿವಾರ, ಭಾನುವಾರ ಮಾತ್ರ. ಆ ಎರಡು ದಿನವೂ ಭಾರವಾದ ಡಿಎಸ್ಎಲ್ಆರ್ ಮತ್ತು ಲೆನ್ಸುಗಳನ್ನು ಬೆನ್ನಿಗೇರಿಸಿಕೊಂಡು ರೈಲಿನ ನೂಕುನುಗ್ಗಲಿನಲ್ಲಿ ನಿಲ್ಲುವುದು ಸಾಕಾಗಿ, ಜೇಬಿನಲ್ಲಿ ಹಿಡಿಯುವ ಒಂದು ಒಳ್ಳೆಯ ಕ್ಯಾಮೆರಾ ಬೇಕೆನಿಸಿತು.

ಜಪಾನಿನಲ್ಲಿ ಬಳಸಿದ ಕ್ಯಾಮೆರಾ ಕೊಳ್ಳುವ ಅನುಭವವನ್ನೇ ಮೊದಲು ಹೇಳಬೇಕು. ಗಾಜಿನ ಕಪಾಟಿನಲ್ಲಿ ಪ್ರತಿಯೊಂದು ಕ್ಯಾಮೆರಾದ ಮುಂದೆ ಒಂದು ಚೀಟಿ ಇರುತ್ತದೆ. ಅದರಲ್ಲಿ ದರ್ಜೆಯ ಜೊತೆಗೆ ದೋಷಗಳನ್ನೂ ಬರೆದಿರುತ್ತಾರೆ. 'ಸುರೆ' ಎಂದರೆ ಉಜ್ಜಿದ ಗುರುತು, 'ಅತಾರಿ' ಎಂದರೆ ಬಿದ್ದು ನಗ್ಗಿದ ಜಾಗ, 'ಕುಮೊರಿ' ಎಂದರೆ ಲೆನ್ಸಿನೊಳಗಿನ ಮಬ್ಬು, 'ಕಾಬಿ' ಎಂದರೆ ಬೂಷ್ಟು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಮಳೆಗಾಲ ಲೆನ್ಸನ್ನು ಕಪಾಟಿನಲ್ಲಿ ಮರೆತವರಿಗೆ ಈ ಕಾಬಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾನು ಕೇಳಿದ ಕ್ಯಾಮೆರಾವನ್ನು ಅಂಗಡಿಯವರು ಮೆತ್ತನೆಯ ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟು ತಂದರು. ನಾನು ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ತಲೆಕೆಳಗು ಮಾಡಿ, ಟ್ರೈಪಾಡ್ ಸಿಕ್ಕಿಸುವ ತಿರುಪಿನ ಪಕ್ಕದಲ್ಲಿದ್ದ, ಅಕ್ಕಿಕಾಳಿನ ಅರ್ಧದಷ್ಟಿದ್ದ ಒಂದು ಗೀರನ್ನು ಬೆರಳಿನಿಂದ ತೋರಿಸಿದರು. ಮಾರುವವರೇ ಹುಳುಕನ್ನು ಮೊದಲು ತೋರಿಸಿಬಿಟ್ಟರೆ ಕೊಳ್ಳುವವನಿಗೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ನಾನು ಚೌಕಾಸಿಯ ಮಾತೆತ್ತದೆ ಹಣ ಕೊಟ್ಟು ಬಂದೆ.

ಇನ್ನು ಕ್ಯಾಮೆರಾದ ವಿಷಯ. ಜಿಆರ್ ಎಂಬ ಹೆಸರು 1996ರಲ್ಲಿ ಬಂದ ಜಿಆರ್1 ಎಂಬ ಫಿಲ್ಮ್ ಕ್ಯಾಮೆರಾದಿಂದ ನಡೆದುಬಂದದ್ದು. 2005ರಲ್ಲಿ ಅದು ಡಿಜಿಟಲ್ ಆಯಿತು, 2013ರಲ್ಲಿ ಹೆಚ್ಚಿನ ಡಿಎಸ್ಎಲ್ಆರ್‌ಗಳಲ್ಲಿರುವಷ್ಟೇ ದೊಡ್ಡದಾದ ಎಪಿಎಸ್-ಸಿ ಗಾತ್ರದ ಸೆನ್ಸರ್ ಪಡೆಯಿತು, 2019ರಲ್ಲಿ ಈ ಮೂರನೆಯ ಆವೃತ್ತಿ ಹೊರಬಂತು. 24 ಮೆಗಾಪಿಕ್ಸೆಲ್ ಸೆನ್ಸರ್, 35 ಎಂಎಂ ಫಿಲ್ಮಿನ ಲೆಕ್ಕದಲ್ಲಿ 28 ಎಂಎಂಗೆ ಸಮನಾದ, ಅಗಲ ನೋಟದ, ಎಫ್/2.8 ಅಪರ್ಚರಿನ (ಬೆಳಕು ಒಳಬರುವ ಕಿಂಡಿಯ) ಕಳಚಲಾಗದ ಲೆನ್ಸು, ಬ್ಯಾಟರಿ ಮತ್ತು ಕಾರ್ಡು ಸೇರಿ 257 ಗ್ರಾಂ ತೂಕ. ಜೂಮ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಒಳಗೇ ಅಳವಡಿಸಿದ ಫ್ಲ್ಯಾಶ್ ಇಲ್ಲ, ಪರದೆಯನ್ನು ಮಡಚಿ ಹೊರಳಿಸಲು ಬರುವುದಿಲ್ಲ. ಕಾಗದದ ಮೇಲೆ ಇದನ್ನು ಓದಿದವರು ಇಷ್ಟು ಹಣಕ್ಕೆ ಇಷ್ಟೇಯೇ ಎಂದು ಕೇಳುವುದು ಸಹಜ. ಆದರೆ ಬಲಗೈಯೊಂದರಲ್ಲೇ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನಿಂದಲೇ ಎಲ್ಲವನ್ನೂ ನಡೆಸಬಹುದಾದ ಇಂಥ ಇನ್ನೊಂದು ಕ್ಯಾಮೆರಾವನ್ನು ನಾನು ಹಿಡಿದಿಲ್ಲ. ಮಳೆಗಾಲದ ಟೋಕಿಯೊದಲ್ಲಿ ಎಡಗೈಯಲ್ಲಿ ಕೊಡೆ ಇರುವಾಗ ಇದರ ಬೆಲೆ ಏನೆಂಬುದು ತಿಳಿಯುತ್ತದೆ.

ನನ್ನನ್ನು ಈ ಕ್ಯಾಮೆರಾಕ್ಕೆ ಕಟ್ಟಿಹಾಕಿದ್ದು ಇದರ 'ಸ್ನ್ಯಾಪ್ ಫೋಕಸ್'. ಸಾಮಾನ್ಯವಾಗಿ ಕ್ಯಾಮೆರಾ ಪ್ರತಿ ಸಲವೂ ಫೋಕಸನ್ನು ಹುಡುಕುತ್ತದೆ; ಇಲ್ಲಿ ದೂರವನ್ನು ನಾವೇ ಮೊದಲು ಗೊತ್ತುಮಾಡಿಡಬಹುದು. ಒಂದು ಮೀಟರ್, ಒಂದೂವರೆ, ಎರಡು, ಎರಡೂವರೆ, ಐದು ಎಂದು ಮೆಟ್ಟಿಲುಗಳಿವೆ. ಬಟನನ್ನು ಅರ್ಧಕ್ಕೆ ನಿಲ್ಲಿಸದೆ ಒಮ್ಮೆಗೇ ಪೂರ್ತಿ ಒತ್ತಿದರೆ ಲೆನ್ಸು ನೇರವಾಗಿ ಆ ದೂರಕ್ಕೆ ಹೋಗಿ ನಿಂತು ಚಿತ್ರ ತೆಗೆಯುತ್ತದೆ. ಇದರ ಹಿಂದಿನ ಲೆಕ್ಕ ಸರಳವಾದದ್ದು. ಫೋಕಲ್ ಲೆಂತ್ ಚಿಕ್ಕದಾದಷ್ಟೂ, ಅಪರ್ಚರ್ ಕಿರಿದಾದಷ್ಟೂ ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿ ಹಿಗ್ಗುತ್ತದೆ. ಲೆನ್ಸಿನ ನಿಜವಾದ ಫೋಕಲ್ ಲೆಂತ್ 18.3 ಎಂಎಂ ಮಾತ್ರ ಆಗಿರುವುದರಿಂದ, ಅಪರ್ಚರನ್ನು ಎಫ್/8ಕ್ಕೆ ಕಿರಿದುಮಾಡಿ ದೂರವನ್ನು ಎರಡು ಮೀಟರಿಗೆ ಗೊತ್ತುಮಾಡಿದರೆ, ಹೆಚ್ಚುಕಡಿಮೆ ಒಂದು ಮೀಟರಿನಿಂದ ಹಿಡಿದು ಓಣಿಯ ಆ ತುದಿಯವರೆಗಿನದೆಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ಹಗಲಿನಲ್ಲಿ ನಾನು ಈ ಹೊಂದಿಕೆಯನ್ನು ಬದಲಾಯಿಸುವುದೇ ಇಲ್ಲ. ಮೊದಲ ಎರಡು ತಿಂಗಳು ಎರಡು ಮೀಟರ್ ಎಂದರೆ ಎಷ್ಟು ಹೆಜ್ಜೆ ಎಂದು ಮನೆಯ ಹಜಾರದಲ್ಲಿ ಅಳೆದು ಅಳೆದು ಅಭ್ಯಾಸ ಮಾಡಿದೆ. ಈಗ ಕಣ್ಣಿಗೇ ಅದು ಗೊತ್ತಾಗುತ್ತದೆ.

ಜಿಆರ್ ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಟೋಕಿಯೊದ ಶಿಂಜುಕುವಿನ ಬೀದಿಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದ ಜಪಾನಿನ ಛಾಯಾಗ್ರಾಹಕ ಮೊರಿಯಾಮಾ ದೈದೊ ಅವರು. ಅದರಿಂದಾಗಿಯೇ ಏನೋ, ಇದು ಯಾರಿಗೂ ತಿಳಿಯದಂತೆ ಚಿತ್ರ ತೆಗೆಯುವುದಕ್ಕೆ ಹೇಳಿಮಾಡಿಸಿದ ಕ್ಯಾಮೆರಾ ಎಂಬ ಮಾತು ಹಬ್ಬಿದೆ. ಶಟರಿನ ಸದ್ದು ಪಿಸುಮಾತಿಗಿಂತ ಕಡಿಮೆ ಎಂಬುದು ನಿಜ. ಆದರೂ ನಾನು ಈ ಹೊಗಳಿಕೆಯನ್ನು ಒಪ್ಪುವುದಿಲ್ಲ. ಅಪರಿಚಿತರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಹಿಡಿಯುವುದನ್ನು ಜಪಾನಿನ ಜನ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಪೊಲೀಸರು ಮೆರವಣಿಗೆಯೊಂದರ ಫೋಟೊ ತೆಗೆದ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ತನ್ನ ಮುಖವನ್ನು ಚಿತ್ರಿಸಿಕೊಳ್ಳದಿರುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇದೆಯೆಂದು ಇಲ್ಲಿನ ಸುಪ್ರೀಂ ಕೋರ್ಟು 1969ರಲ್ಲೇ ಹೇಳಿದೆ. ಇಲ್ಲಿ ಮಾರುವ ಮೊಬೈಲ್ ಫೋನುಗಳ ಕ್ಯಾಮೆರಾ ಸದ್ದನ್ನು ಅಡಗಿಸಲು ಬಾರದಂತೆ ಕಂಪನಿಗಳೇ ಮಾಡಿರುವುದೂ ಇದೇ ಕಾಳಜಿಯಿಂದ. ಕ್ಯೋಟೊದ ಗಿಯೋನ್‌ನಲ್ಲಿ ಗೈಕೊಗಳ (ಸಾಂಪ್ರದಾಯಿಕ ನೃತ್ಯ-ಸಂಗೀತದ ಕಲಾವಿದೆಯರ) ಬೆನ್ನುಹತ್ತುವ ಪ್ರವಾಸಿಗರ ಕಾಟ ತಾಳಲಾರದೆ ಖಾಸಗಿ ಓಣಿಗಳಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸಿ, 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಇಂಥ ನಾಡಿನಲ್ಲಿ ಕ್ಯಾಮೆರಾ ಚಿಕ್ಕದು ಎಂಬ ಧೈರ್ಯದ ಮೇಲೆ ಕದ್ದು ತೆಗೆಯುವುದು ಸಲ್ಲದು. 28 ಎಂಎಂ ಲೆನ್ಸಿನಲ್ಲಿ ಮನುಷ್ಯರು ಚೆನ್ನಾಗಿ ಕಾಣಬೇಕಾದರೆ ಒಂದೂವರೆ ಎರಡು ಮೀಟರಿನಷ್ಟು ಹತ್ತಿರ ಹೋಗಲೇಬೇಕು. ಅಷ್ಟು ಹತ್ತಿರ ಹೋದ ಮೇಲೆ ತಲೆಬಾಗಿಸಿ ಒಂದು ಮಾತು ಕೇಳದೆ ಇರುವುದಾದರೂ ಹೇಗೆ? ಈ ಕ್ಯಾಮೆರಾ ಚಿಕ್ಕದಾಗಿರುವುದರ ನಿಜವಾದ ಪ್ರಯೋಜನ ನನಗೆ ಕಂಡದ್ದು ಆ ಮಾತು ಕೇಳುವಾಗ: ಎದುರಿಗಿರುವವರು ಇದನ್ನು ಕಂಡು ಹಿಂಜರಿಯುವುದಿಲ್ಲ, ನಾವಿಬ್ಬರೂ ಮಾತನಾಡುತ್ತಿರುವಾಗ ಇದು ನಡುವೆ ಅಡ್ಡ ಬರುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಒಂದು ಚಾರ್ಜಿಗೆ ಸುಮಾರು 200 ಚಿತ್ರಗಳೆಂದು ತಯಾರಕರೇ ಹೇಳುತ್ತಾರೆ. ಹಾಗಾಗಿ ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲೇಬೇಕು. ಹಣ ಉಳಿಸಲೆಂದು ನಾನು ಬೇರೊಂದು ಕಂಪನಿಯ ಅಗ್ಗದ ಬ್ಯಾಟರಿ ತರಿಸಿದ್ದೆ. ಮೇ ತಿಂಗಳ ಸಾಂಜಾ ಉತ್ಸವದ ದಿನ, ಅಸಾಕುಸಾದ ಬೀದಿಯಲ್ಲಿ ಮಿಕೋಶಿ ಎಂಬ ದೇವರ ಪಲ್ಲಕ್ಕಿಯನ್ನು ಹೆಗಲ ಮೇಲೆ ಕುಣಿಸುತ್ತಾ ತರುತ್ತಿದ್ದಾಗ ಆ ಬ್ಯಾಟರಿ ಕೈಕೊಟ್ಟಿತು. ಹೊತ್ತವರ ಹೆಗಲಿನ ಕೆಂಪು ಬಾವುಗಳನ್ನೂ ಹಣೆಗೆ ಬಿಗಿದ ಬಟ್ಟೆಯಿಂದ ಇಳಿಯುವ ಬೆವರನ್ನೂ ಬರಿಗಣ್ಣಿನಿಂದಲೇ ನೋಡಿಕೊಂಡು ಬಂದೆ. ಆಮೇಲೆ ರಿಕೋ ಕಂಪನಿಯದೇ ಬ್ಯಾಟರಿ ಕೊಂಡೆ. ನೀರು, ದೂಳು ತಡೆಯುವ ರಕ್ಷಣೆಯೂ ಇದಕ್ಕಿಲ್ಲ. ಜೂನಿನಿಂದ ಜುಲೈ ನಡುವಿನವರೆಗೆ ಹಿಡಿಯುವ 'ತ್ಸುಯು' ಮಳೆಯಲ್ಲಿ ನಾನು ಇದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡೇ ಓಡಾಡುತ್ತೇನೆ. ಮಕ್ಕಳ ಆಟ, ಹಕ್ಕಿ, ಮದುವೆ ಮುಂತಾದವನ್ನು ತೆಗೆಯುವವರಿಗೆ ಇದನ್ನು ಸೂಚಿಸಲಾರೆ. ದಿನವೂ ನಡೆಯುವವರು, ನಡೆಯುವ ದಾರಿಯನ್ನು ಪ್ರೀತಿಸುವವರು ಸೆಕೆಂಡ್‌ಹ್ಯಾಂಡ್ ಸಿಕ್ಕರೂ ಸಂಕೋಚವಿಲ್ಲದೆ ಕೊಳ್ಳಬಹುದು.

ನನ್ನ ನಡಿಗೆಯ ದಾರಿ ಹೆಚ್ಚಾಗಿ ಟೋಕಿಯೊದ ಯನಾಕಾ. 1923ರ ಭೂಕಂಪದಿಂದಲೂ ಯುದ್ಧಕಾಲದ ಬಾಂಬ್ ದಾಳಿಯಿಂದಲೂ ಬಹುಮಟ್ಟಿಗೆ ಉಳಿದುಕೊಂಡ ಈ ಹಳೆಯ ಕೇರಿಯಲ್ಲಿ ಮರದ ಮನೆಗಳು, ದೇವಸ್ಥಾನಗಳು, ಬಾಗಿಲ ಮುಂದೆ ಸಾಲಾಗಿಟ್ಟ ಹೂಕುಂಡಗಳು ಇನ್ನೂ ಇವೆ. ಕಳೆದ ಜುಲೈಯಲ್ಲಿ ಒಂದು ಬೆಳಿಗ್ಗೆ ಏಳರ ಹೊತ್ತಿಗೆ, ಒಬ್ಬ ಅಜ್ಜಿ ಮರದ ಬಕೆಟ್ಟಿನಿಂದ ಸೌಟಿನಲ್ಲಿ ನೀರು ತೆಗೆದು ಮನೆಯ ಮುಂದೆ ಚಿಮುಕಿಸುತ್ತಿದ್ದರು. 'ಉಚಿಮಿಜು' ಎನ್ನುವ ಈ ರೂಢಿ ಸೆಕೆ ತಗ್ಗಿಸುವುದಕ್ಕೆ. ರಂಗೋಲಿಗೆ ಮುಂಚೆ ಅಂಗಳಕ್ಕೆ ನೀರು ಹಾಕುವ ನನ್ನ ಅಮ್ಮನ ಕೈ ನನಗೆ ಕಣ್ಣ ಮುಂದೆ ಬಂತು. 'ಸುಮಿಮಾಸೆನ್' (ಕ್ಷಮಿಸಿ) ಎಂದು ತಲೆಬಾಗಿ, ಒಂದು ಫೋಟೊ ತೆಗೆಯಬಹುದೇ ಎಂದು ಕೇಳಿದೆ. 'ಚೊತ್ತೊ ಮತ್ತೆ ನೆ' ಎಂದರು, ಸ್ವಲ್ಪ ತಡಿಯಪ್ಪಾ ಎನ್ನುವ ಹಾಗೆ. ಏಪ್ರನ್ ಬಿಚ್ಚಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಒದ್ದೆ ಕೈಯಿಂದಲೇ ಕೂದಲು ನೇವರಿಸಿಕೊಂಡು ನೆಟ್ಟಗೆ ನಿಂತರು. ಎರಡು ಮೀಟರ್, ಎಫ್/8, ಒಂದೇ ಚಿತ್ರ. ನೆಲದ ಕಲ್ಲುಗಳ ಮೇಲಿನ ನೀರಿನ ಹನಿಗಳಿಂದ ಹಿಡಿದು ಅವರ ಹಿಂದಿನ ಜಾರುಬಾಗಿಲಿನ ಪಟ್ಟಿಗಳವರೆಗೆ ಎಲ್ಲವೂ ಅದರಲ್ಲಿ ನಿಚ್ಚಳವಾಗಿವೆ.

ಇಲ್ಲಿ ಬೀದಿಬೀದಿಗೂ ಇರುವ ಕೊಂಬಿನಿ ಅಂಗಡಿಗಳ ಯಂತ್ರದಲ್ಲಿ ಫೋಟೊ ಮುದ್ರಿಸಿಕೊಳ್ಳಬಹುದು. ಮುಂದಿನ ಶನಿವಾರ ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟುಕೊಂಡು ಹೋಗಿ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಏನೂ ಹೇಳದೆ ಬಹಳ ಹೊತ್ತು ನೋಡಿ, ಒಳಗೆ ಹೋದರು. ನೆರೆಮನೆಯವರು ತಿಂಡಿ ಕಳಿಸಿದ ಡಬ್ಬಿಯನ್ನು ನಮ್ಮ ಕಡೆ ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರಲ್ಲ. ಇಲ್ಲಿ ಅದಕ್ಕೆ 'ಒಕಾಎಶಿ' ಎನ್ನುತ್ತಾರೆ. ಹೊರಗೆ ಬಂದಾಗ ಅವರ ಕೈಯಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕು ಸೆಂಬೆಯ್ ಎಂಬ ಅಕ್ಕಿಯ ಬಿಲ್ಲೆಗಳಿದ್ದವು, ಸೋಯಾ ಸವರಿ ಕೆಂಡದ ಮೇಲೆ ಸುಟ್ಟವು. ತನ್ನ ತಂಗಿಗೂ ಒಂದು ಪ್ರತಿ ಬೇಕು ಎಂದರು. ಅದನ್ನು ಈ ವಾರ ಕೊಂಡೊಯ್ಯಬೇಕು.