ಬರ್ಡ್ 43 ವ್ಯಾಟ್‌ಮೀಟರ್: ಸೊನ್ನೆ ತೋರಿಸಿದ ಮುಳ್ಳು ಮತ್ತು ಅದರ ರಿಪೇರಿ

ಅಮೆರಿಕದ ಒಹಾಯೊ ರಾಜ್ಯದ ಬರ್ಡ್ ಕಂಪನಿಯ ಮಾಡೆಲ್ 43 ಥ್ರೂಲೈನ್ ವ್ಯಾಟ್‌ಮೀಟರ್ ದಶಕಗಳಿಂದ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಮೇಜಿನ ಮೇಲೂ ವೈರ್‌ಲೆಸ್ ವರ್ಕ್‌ಶಾಪ್‌ಗಳಲ್ಲೂ ರೇಡಿಯೊದ ಪವರ್ ಅಳೆಯಲು ಬಳಕೆಯಲ್ಲಿರುವ ಉಪಕರಣ. ಮಲೆನಾಡಿನ ನಮ್ಮ ಮನೆಗೆ ಇದು ಸೆಕೆಂಡ್ ಹ್ಯಾಂಡ್ ಆಗಿ ಬಂದು ನಾಲ್ಕು ಮಳೆಗಾಲಗಳು ಕಳೆದಿವೆ. ಕೊಂಡ ಹೊಸತರಲ್ಲಿ ಇದರ ಬಗ್ಗೆ ಬರೆಯಬೇಕೆಂದುಕೊಂಡಿದ್ದೆನಾದರೂ, ಒಮ್ಮೆ ಅದು ಕೆಟ್ಟು, ನಾನೇ ಬಿಚ್ಚಿ ಸರಿಪಡಿಸಿದ ಮೇಲಷ್ಟೇ ಅದರ ನಿಜವಾದ ಗುಣ ನನಗೆ ಅರ್ಥವಾಯಿತು.

ಇದರ ರಚನೆ ಬಹಳ ಸರಳವಾದದ್ದು. ಮೇಲ್ಭಾಗದಲ್ಲಿ 50 ಓಮ್‌ನ ಲೋಹದ ಕೊಳವೆಯೊಂದಿದ್ದು, ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಪವರ್ ಅದರ ಮೂಲಕವೇ ಹಾದುಹೋಗುತ್ತದೆ. ಕೊಳವೆಯ ನಡುವಿನ ಗೂಡಿನಲ್ಲಿ, ಮೈಮೇಲೆ ಬಾಣದ ಗುರುತಿರುವ ಎಲಿಮೆಂಟ್ ಕೂರುತ್ತದೆ. ಅದರೊಳಗಿನ ಪುಟ್ಟ ಲೂಪ್ ಬಾಣದ ದಿಕ್ಕಿನಲ್ಲಿ ಸಾಗುವ ಅಲೆಯನ್ನು ಹಿಡಿದು ಎದುರು ದಿಕ್ಕಿನದನ್ನು ಬಿಟ್ಟುಬಿಡುತ್ತದೆ. ಡಯೋಡ್ ಅದನ್ನು ಡಿಸಿಯಾಗಿ ಬದಲಿಸುತ್ತದೆ. ಆ ಡಿಸಿ ಒಂದು ಸ್ಪ್ರಿಂಗ್ ಪಟ್ಟಿಯ ಮೂಲಕ ಕೆಳಗಿನ ಮೀಟರಿಗೆ ತಲುಪಿ ಮುಳ್ಳನ್ನು ಎತ್ತುತ್ತದೆ. ಬಾಣವನ್ನು ಆಂಟೆನಾ ಕಡೆಗೆ ತಿರುಗಿಸಿದರೆ ಹೋಗುವ ಪವರ್ ಕಾಣುತ್ತದೆ, ರೇಡಿಯೊ ಕಡೆಗೆ ತಿರುಗಿಸಿದರೆ ಆಂಟೆನಾದಿಂದ ಹಿಂದಿರುಗಿದ ಪವರ್ ಕಾಣುತ್ತದೆ. ಬ್ಯಾಟರಿ ಬೇಕಿಲ್ಲ, ಕರೆಂಟೂ ಬೇಕಿಲ್ಲ. ವಾರಗಟ್ಟಲೆ ಕರೆಂಟ್ ಕೈಕೊಡುವ ಊರಿನವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಕಳೆದ ಜುಲೈನಲ್ಲಿ 145 ಮೆಗಾಹರ್ಟ್ಸ್‌ನಲ್ಲಿ ಆಂಟೆನಾ ಪರೀಕ್ಷಿಸುತ್ತಿದ್ದಾಗ ಹೋಗುವ ಪವರ್ 40 ವ್ಯಾಟ್ ಎಂದೂ ಹಿಂದಿರುಗುವುದು ಸೊನ್ನೆಯೆಂದೂ ಮೀಟರ್ ತೋರಿಸಿತು. ಮೊದಲಿಗೆ ಸಂತೋಷವೇ ಆಯಿತು. ಆದರೆ ರೇಡಿಯೊದ ಹಿಂಬದಿ ಕೈಯಿಡಲಾಗದಷ್ಟು ಬಿಸಿಯಾಗುತ್ತಿತ್ತು, ದೂರದ ಸ್ನೇಹಿತರು ನನ್ನ ದನಿ ಕ್ಷೀಣವಾಗಿದೆಯೆಂದು ಹೇಳುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ಆ ಸೊನ್ನೆಯೇ ನನಗೆ ಅನುಮಾನ ಹುಟ್ಟಿಸಿತು. ಎಷ್ಟೇ ಒಳ್ಳೆಯ ಆಂಟೆನಾವಾದರೂ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿದಾಗ ಮುಳ್ಳು ಕೂದಲೆಳೆಯಷ್ಟಾದರೂ ಅಲುಗುತ್ತದೆ. ಇಲ್ಲಿ ಅದು ಅಲುಗಲೇ ಇಲ್ಲ.

ಈ ಉಪಕರಣದ ಎರಡೂ ತುದಿಗಳು ಒಂದೇ ರೀತಿಯವಾದ್ದರಿಂದ ಅನುಮಾನ ಪರಿಹರಿಸಿಕೊಳ್ಳಲು ಬೇರೆ ಮೀಟರ್ ಬೇಕಾಗುವುದಿಲ್ಲ. ಆಂಟೆನಾ ಕಳಚಿ ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ಹೀರಿಕೊಳ್ಳುವ ರೆಸಿಸ್ಟರ್) ಸೇರಿಸಿ, ಎಲಿಮೆಂಟನ್ನು ಮುಟ್ಟದೆ, ಎಡಬಲದ ಕೇಬಲ್‌ಗಳನ್ನಷ್ಟೇ ಅದಲುಬದಲು ಮಾಡಿದೆ. ಈವರೆಗೆ ಹಿಂದಿರುಗುವ ಪವರ್ ತೋರಿಸುತ್ತಿದ್ದ ಬಾಣ ಈಗ ಹೋಗುವ ಪವರನ್ನು ತೋರಿಸಬೇಕು. ಏನೂ ತೋರಿಸಲಿಲ್ಲ. ಹೆಬ್ಬೆರಳಿನಿಂದ ಎಲಿಮೆಂಟನ್ನು ಒಂದು ಪಕ್ಕಕ್ಕೆ ಮೆಲ್ಲನೆ ಒತ್ತಿದೊಡನೆ ಮುಳ್ಳು ಥಟ್ಟನೆ ಮೇಲೆದ್ದು, ಬೆರಳು ತೆಗೆದಾಗ ಮತ್ತೆ ಮಲಗಿಬಿಟ್ಟಿತು. ದೋಷ ಎಲ್ಲಿದೆಯೆಂಬುದು ಆ ಕ್ಷಣಕ್ಕೆ ಸ್ಪಷ್ಟವಾಯಿತು.

ಎಲಿಮೆಂಟಿನ ಪಕ್ಕೆಯಲ್ಲಿ ಗುಂಡಿಯಂಥ ಸಂಪರ್ಕ ಬಿಂದುಗಳಿದ್ದು, ಬಾಣ ಯಾವ ಕಡೆಗಿದೆಯೋ ಅದಕ್ಕೆ ತಕ್ಕ ಬಿಂದು ಗೂಡಿನೊಳಗಿನ ಸ್ಪ್ರಿಂಗ್ ಪಟ್ಟಿಯನ್ನು ತಾಗುತ್ತದೆ. ನನ್ನ ಎಲಿಮೆಂಟಿನ ಒಂದು ಬಿಂದು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಕಿಲುಬು ಹಿಡಿದಿತ್ತು, ಜೊತೆಗೆ ಪಟ್ಟಿಯೂ ತುಸು ಹಿಂದಕ್ಕೆ ಬಾಗಿತ್ತು. ಇದನ್ನು ತಯಾರಕರ ತಪ್ಪೆಂದು ಹೇಳಲಾಗದು. ನಮ್ಮ ಊರಿನ ಮಳೆಗಾಲದ ಥಂಡಿಯಲ್ಲಿ ಹಿತ್ತಾಳೆ ತಂಬಿಗೆಗೆ ಆಗುವುದೇ ಇದಕ್ಕೂ ಆಗಿದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಬಿಂದುಗಳನ್ನು, ಎಲಿಮೆಂಟಿನ ತಳವನ್ನು ಮತ್ತು ಗೂಡಿನ ಒಳಗೋಡೆಯನ್ನು ಕಪ್ಪು ಬರುವುದು ನಿಲ್ಲುವವರೆಗೂ ಒರೆಸಿದೆ. ಮರಳು ಕಾಗದವನ್ನು ಮಾತ್ರ ಯಾರೂ ಬಳಸಬಾರದು. ಬೆಳ್ಳಿಯ ಲೇಪ ಒಮ್ಮೆ ಹೋದರೆ ಕಿಲುಬು ಇನ್ನೂ ಬೇಗ ಹತ್ತುತ್ತದೆ. ಬಳಿಕ ಪಟ್ಟಿಯನ್ನು ಮರದ ಹಲ್ಲುಕಡ್ಡಿಯ ತುದಿಯಿಂದ ಕೂದಲೆಳೆಯಷ್ಟು ಮುಂದಕ್ಕೆ ತಂದೆ. ಇಲ್ಲಿ ಅವಸರ ಮಾಡಿ ಹೆಚ್ಚು ಬಾಗಿಸಿದರೆ ಎಲಿಮೆಂಟನ್ನು ತಿರುಗಿಸುವಾಗ ಪಟ್ಟಿ ಸಿಕ್ಕಿಕೊಂಡು ಮುರಿಯಬಹುದು.

ಕೇಬಲ್‌ಗಳನ್ನು ಮತ್ತೆ ಅದಲುಬದಲು ಮಾಡಿ ನೋಡಿದಾಗ ಎರಡೂ ದಿಕ್ಕಿನಲ್ಲಿ ಮುಳ್ಳು ಒಂದೇ ಜಾಗದಲ್ಲಿ ನಿಂತಿತು. ಆಮೇಲೆ ಆಂಟೆನಾ ಜೋಡಿಸಿದರೆ ಹೋಗುವುದು 40 ವ್ಯಾಟ್, ಹಿಂದಿರುಗುವುದು 10 ವ್ಯಾಟ್! ಕಾಲು ಪಾಲು ಪವರ್ ವಾಪಸು ಬರುತ್ತಿದೆಯೆಂದರೆ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದುತ್ತದೆಂಬ ಅಳತೆ; 1 ಇದ್ದರೆ ಪೂರ್ಣ ಹೊಂದಾಣಿಕೆ) 3 ಎಂದರ್ಥ. ಮೇಲೆ ಹತ್ತಿ ನೋಡಿದಾಗ ಆಂಟೆನಾದ ಬುಡದ ಕನೆಕ್ಟರಿನಲ್ಲಿ ನೀರು ತುಂಬಿತ್ತು. ಪೂರ್ತಿ ಸತ್ತ ಮೀಟರಿಗಿಂತ, ಒಂದು ದಿಕ್ಕಿನಲ್ಲಷ್ಟೇ ಸತ್ತ ಮೀಟರ್ ಎಷ್ಟು ಅಪಾಯಕಾರಿಯೆಂಬುದನ್ನು ನಾನು ತಿಳಿದುಕೊಂಡದ್ದು ಹೀಗೆ.

ಒಂದು ದಿಕ್ಕಿನಲ್ಲಿ ಸರಿಯಾಗಿ ತೋರಿಸುತ್ತಿದ್ದುದರಿಂದ ಒಳಗಿನ ಮುಳ್ಳಿನ ಮೀಟರ್ ಕೆಟ್ಟಿಲ್ಲವೆಂಬುದು ಮೊದಲೇ ಖಚಿತವಾಗಿತ್ತು. ಎರಡೂ ಕಡೆ ಮುಳ್ಳು ಏಳದಿದ್ದರೆ ಮೀಟರನ್ನೇ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ. ಇದು 30 ಮೈಕ್ರೊಆಂಪಿಯರ್‌ಗೆ ಪೂರ್ತಿ ಏರುವ ನಾಜೂಕಾದ ಮೀಟರ್. ಮಲ್ಟಿಮೀಟರಿನ ಓಮ್ ರೇಂಜನ್ನು ನೇರವಾಗಿ ತಾಗಿಸಿದರೆ ಅದಕ್ಕಿಂತ ಹಲವು ಪಟ್ಟು ಕರೆಂಟ್ ಹರಿದು ಮುಳ್ಳು ಬಾಗಿಹೋಗಬಹುದು. ಅದರ ಬದಲು 1.5 ವೋಲ್ಟಿನ ಶೆಲ್‌ಗೆ 100 ಕಿಲೋಓಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ ತಾಗಿಸಿದರೆ 15 ಮೈಕ್ರೊಆಂಪಿಯರ್‌ನಷ್ಟು ಹರಿದು ಮುಳ್ಳು ಸುಮಾರು ಅರ್ಧದಲ್ಲಿ ನಿಲ್ಲುತ್ತದೆ. ನಿಂತರೆ ಮೀಟರ್ ಸರಿಯಿದೆ. ಆಗ ಮೀಟರಿಗೂ ಗೂಡಿಗೂ ನಡುವಿನ ತೆಳು ಕೇಬಲ್ಲಿನ ಬೆಸುಗೆಯನ್ನು ನೋಡಬೇಕು. ಅದೂ ಸರಿಯಿದ್ದರೆ ಎಲಿಮೆಂಟಿನ ಡಯೋಡ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಎಲಿಮೆಂಟನ್ನು ಕಾರ್ಖಾನೆಯಲ್ಲಿ ಅಳತೆಗೆ ಹೊಂದಿಸಿ ಮುಚ್ಚಿರುತ್ತಾರೆ. ಮನೆಯಲ್ಲಿ ಡಯೋಡ್ ಬದಲಿಸಿದರೆ ಮುಳ್ಳು ಅಲುಗೀತು, ಆದರೆ ಅದು ತೋರಿಸುವ ಸಂಖ್ಯೆಯನ್ನು ನಂಬುವಂತಿಲ್ಲ.

ದೋಷವಲ್ಲದ್ದನ್ನು ದೋಷವೆಂದು ತಿಳಿಯುವವರೂ ಇದ್ದಾರೆ. ಎಸ್‌ಎಸ್‌ಬಿಯಲ್ಲಿ (ದನಿಯ ಏರಿಳಿತಕ್ಕೆ ತಕ್ಕಂತೆ ಪವರ್ ಏರಿಳಿಯುವ ಪ್ರಸಾರ ವಿಧಾನ) ಮಾತನಾಡುವಾಗ 100 ವ್ಯಾಟ್ ರೇಡಿಯೊ 25ರ ಆಸುಪಾಸಿನಲ್ಲಿ ತೂಗಾಡುತ್ತದೆಂದು ಗೆಳೆಯರೊಬ್ಬರು ಕಳವಳಪಟ್ಟಿದ್ದರು. ಈ ಮಾದರಿ ತೋರಿಸುವುದು ಸರಾಸರಿ ಪವರನ್ನೇ ಹೊರತು ಪೀಕ್ ಪವರನ್ನಲ್ಲ. ಹಾಗೆಯೇ ನಿಖರತೆ ಪೂರ್ಣ ಸ್ಕೇಲಿನ ಶೇ. 5ರಷ್ಟು ಎಂಬುದನ್ನು ನೆನಪಿನಲ್ಲಿಡಬೇಕು: 100 ವ್ಯಾಟ್ ಎಲಿಮೆಂಟಿನಲ್ಲಿ 10 ವ್ಯಾಟ್ ಓದಿದರೆ ನಿಜವಾದದ್ದು 5ರಿಂದ 15ರ ನಡುವೆ ಎಲ್ಲಾದರೂ ಇರಬಹುದು. ಇನ್ನು ಬೇಸಿಗೆಯಲ್ಲಿ ಮೀಟರಿನ ಮುಖವನ್ನು ಒಣ ಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ತಿನಿಂದ ಮುಳ್ಳು ಅಂಟಿಕೊಂಡಂತಾಗುತ್ತದೆ. ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ನನಗೆ ಅಸಮಾಧಾನವಿರುವುದು ಎಲಿಮೆಂಟ್‌ಗಳ ವಿಷಯದಲ್ಲಿ. ಪ್ರತಿ ಪವರಿಗೆ, ಪ್ರತಿ ಫ್ರೀಕ್ವೆನ್ಸಿ ವ್ಯಾಪ್ತಿಗೆ ಬೇರೆ ಬೇರೆ ಕೊಳ್ಳಬೇಕು: ಎಚ್ ಅಕ್ಷರದವು 2ರಿಂದ 30 ಮೆಗಾಹರ್ಟ್ಸ್‌ಗೆ, ಸಿ ಅಕ್ಷರದವು 100ರಿಂದ 250ಕ್ಕೆ, ಡಿ ಅಕ್ಷರದವು 200ರಿಂದ 500ಕ್ಕೆ. ಬೆಲೆಯೂ ಕಡಿಮೆಯೇನಲ್ಲ. 50 ವ್ಯಾಟ್‌ವರೆಗಿನ ರೇಡಿಯೊ ಬಳಸುವವರು 50ಎಚ್ ಮತ್ತು 50ಸಿ ಎರಡರಿಂದಲೇ ಆರಂಭಿಸಬಹುದು. ಎರಡು ಮುಳ್ಳಿನ ಮೀಟರ್‌ಗಳಂತೆ ಒಂದೇ ನೋಟಕ್ಕೆ ಎಸ್‌ಡಬ್ಲ್ಯುಆರ್ ತಿಳಿಯುವ ಸೌಕರ್ಯವೂ ಇಲ್ಲಿಲ್ಲ; ಎಲಿಮೆಂಟ್ ತಿರುಗಿಸಿ ಲೆಕ್ಕ ಹಾಕಬೇಕು. ಆದರೂ ಸ್ಕ್ರೂಡ್ರೈವರ್, ಶೆಲ್ ಮತ್ತು ಹತ್ತಿಯ ಕಡ್ಡಿಯಿಂದ ದೋಷ ಹುಡುಕಬಲ್ಲ ಈ ಉಪಕರಣವನ್ನೇ ನಾನು ಇಂದಿಗೂ ಆರಿಸಿಕೊಳ್ಳುತ್ತೇನೆ.

ಹಳೆಯದನ್ನು ಕೊಳ್ಳುವವರು ಹಣ ಕೊಡುವ ಮುನ್ನ ಡಮ್ಮಿ ಲೋಡ್ ಹಾಕಿಸಿ, ಕೇಬಲ್ ಅದಲುಬದಲು ಮಾಡಿಸಿ, ಎರಡೂ ದಿಕ್ಕಿನ ಓದನ್ನು ಕಣ್ಣಾರೆ ಹೋಲಿಸಿಕೊಳ್ಳಬೇಕು. ಮನೆಗೆ ಒಯ್ಯುವಾಗ ಬಾಣವನ್ನು ಮೇಲ್ಮುಖವಾಗಿ ತಿರುಗಿಸಿಟ್ಟರೆ ಮೀಟರ್ ಶಾರ್ಟ್ ಆಗಿ, ನಮ್ಮ ರಸ್ತೆಗಳ ಕುಲುಕಾಟಕ್ಕೆ ಮುಳ್ಳು ಬಡಿದಾಡುವುದು ತಪ್ಪುತ್ತದೆ.