ಅಮೆರಿಕದಲ್ಲಿ ರೈಲು ಸೈಡಿಂಗ್ ನಂಬಿ ಶೆಡ್ ಕೊಳ್ಳುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ ಸಣ್ಣ ಕಾರ್ಖಾನೆ ಹಾಕಬೇಕು ಅಂತಿರುವ ನಮ್ಮವರಿಗೆ ಒಂದು ಮಾತು. ಶೆಡ್ ಹಿಂದೆಯೇ ಸೈಡಿಂಗ್, ಅಂದರೆ ಕಾರ್ಖಾನೆಗೇ ಬರುವ ಕವಲು ಹಳಿ, ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಹಳಿ ಇದ್ದ ಮಾತ್ರಕ್ಕೆ ವ್ಯಾಗನ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ನಮ್ಮದು ಓಹಾಯೋದಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಸಣ್ಣ ಘಟಕ. ಅದಕ್ಕೆ ಬೇಕಾದ ಗ್ರಾನ್ಯೂಲ್ಸ್ (ಪ್ಲಾಸ್ಟಿಕ್ ಕಾಳು) ಟೆಕ್ಸಾಸ್‌ನಿಂದ ಹಾಪರ್ ವ್ಯಾಗನ್‌ಗಳಲ್ಲಿ (ಕೆಳಗಿಂದ ಮಾಲು ಇಳಿಸುವಂಥವು) ಬರುತ್ತದೆ. ಒಂದು ವ್ಯಾಗನ್ ಅಂದರೆ ಹತ್ತಿರ ಹತ್ತಿರ ನಾಲ್ಕು ಲಾರಿ ಮಾಲು, ಹಾಗಾಗಿ ರೈಲೇ ಅಗ್ಗ. ಮೊದಲು ವಾರಕ್ಕೆ ಐದು ದಿನ ಎಂಜಿನ್ ಬಂದು ತುಂಬಿದ್ದನ್ನು ಬಿಟ್ಟು ಖಾಲಿ ಎಳೆದುಕೊಂಡು ಹೋಗುತ್ತಿತ್ತು. ರೈಲು ಕಂಪನಿ ಅದನ್ನು ಎರಡು ದಿನಕ್ಕೆ ಇಳಿಸಿತು. ಕಡಿಮೆ ಜನ, ಕಡಿಮೆ ಎಂಜಿನ್, ಉದ್ದುದ್ದ ರೈಲು: 2017ರ ನಂತರ ಇಲ್ಲಿನ ಬಹುತೇಕ ದೊಡ್ಡ ಕಂಪನಿಗಳು ಹಿಡಿದ ದಾರಿ ಇದು.

ಬೇರೆ ಬೇರೆ ದಿನ ಹೊರಟ ವ್ಯಾಗನ್‌ಗಳು ದಾರಿಯಲ್ಲಿ ನಿಂತು ನಿಂತು ಕೊನೆಗೆ ಒಟ್ಟಿಗೇ ಬಂದವು. ನಮ್ಮ ಸೈಡಿಂಗ್‌ನಲ್ಲಿ ಹಿಡಿಯುವುದು ಮೂರೇ. ಉಳಿದವು ಅವರ ಯಾರ್ಡ್‌ನಲ್ಲೇ ನಿಂತವು. ಆದರೆ ಅವರ ಲೆಕ್ಕದಲ್ಲಿ ಅವು ನಮಗೆ ಮುಟ್ಟಿದ ಹಾಗೆ! ಆ ಹೊತ್ತಿನಿಂದಲೇ ಡೆಮರೇಜ್ (ವ್ಯಾಗನ್ ಹೆಚ್ಚು ಹೊತ್ತು ನಿಂತದ್ದಕ್ಕೆ ಹಾಕುವ ಶುಲ್ಕ) ಗಡಿಯಾರ ಶುರು. ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದು. ನಮಗೆ ತುರ್ತಾಗಿ ಬೇಕಿದ್ದ ಗ್ರೇಡ್ (ಪ್ಲಾಸ್ಟಿಕ್‌ನ ಬಗೆ) ಯಾರ್ಡ್‌ನಲ್ಲಿ, ಸದ್ಯಕ್ಕೆ ಬೇಡದ್ದು ಸೈಡಿಂಗ್‌ನಲ್ಲಿ. ಅದಲುಬದಲು ಮಾಡಿಕೊಡಿ ಅಂದರೆ ಫೋನಿನಲ್ಲಿ ಒಂದು ದೂರಿನ ನಂಬರ್ ಕೊಟ್ಟು ಸುಮ್ಮನಾದರು. ಮೆಷಿನ್ ನಿಲ್ಲಬಾರದು ಅಂತ ಅದೇ ಗ್ರೇಡನ್ನು ಲಾರಿಯಲ್ಲಿ ತರಿಸಿದೆವು. ಲಾರಿಗೂ ದುಡ್ಡು, ನಿಂತ ವ್ಯಾಗನ್‌ಗೂ ದುಡ್ಡು.

ಬೇರೆ ಕಂಪನಿ ಹಿಡಿಯೋಣ ಅಂದರೆ ನಮ್ಮ ಹಳಿಗೆ ಬರುವುದು ಅದೊಂದೇ. 1980ರಲ್ಲಿ ಸುಮಾರು 40 ಇದ್ದ ದೊಡ್ಡ ರೈಲು ಕಂಪನಿಗಳು 2023ಕ್ಕೆ 6ಕ್ಕೆ ಇಳಿದಿವೆ. ಸಣ್ಣ ಗಿರಾಕಿಯ ಮಾತಿಗೆ ಬೆಲೆ ಎಲ್ಲಿಂದ ಬರಬೇಕು, ಅಲ್ವಾ?

ಜಾಗ ನೋಡುವಾಗ ಬ್ರೋಕರ್ ಹೇಳಿದ್ದನ್ನು ಬಿಟ್ಟು ಅಕ್ಕಪಕ್ಕದ ಕಾರ್ಖಾನೆಯವರನ್ನು ಕೇಳಿ. ವಾರಕ್ಕೆ ಎಷ್ಟು ಸಲ ಎಂಜಿನ್ ಬರುತ್ತದೆ? ಹೇಳಿದ ದಿನ ಬರುತ್ತದಾ? ರೈಲಿನವರ ಜೊತೆ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ಕಾಂಟ್ರ್ಯಾಕ್ಟ್ ಮೇಲೆ ಸಾಗುವ ಮಾಲಿನ ತಕರಾರು ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ (ರೈಲು ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ) ವ್ಯಾಪ್ತಿಗೆ ಬರುವುದಿಲ್ಲ, ಕೋರ್ಟಿಗೇ ಹೋಗಬೇಕು. ಉಳಿದ ಮಾಲಿಗೆ ಬೋರ್ಡ್‌ನ ಗ್ರಾಹಕ ಸಹಾಯ ವಿಭಾಗ ದುಡ್ಡಿಲ್ಲದೆ ನೆರವು ಕೊಡುತ್ತದೆ. ಯಾವ ವ್ಯಾಗನ್ ಯಾವಾಗ ತಂದಿಟ್ಟರು ಅನ್ನುವುದು ದೊಡ್ಡ ರೈಲು ಕಂಪನಿಗಳ ಡೆಮರೇಜ್ ಬಿಲ್‌ನಲ್ಲಿ ಇರಲೇಬೇಕು ಅಂತ 2021ರಲ್ಲಿ ನಿಯಮ ಬಂದಿದೆ. ಗೇಟಿನಲ್ಲಿ ನಿಮ್ಮದೇ ಪುಸ್ತಕ ಇಟ್ಟು ದಿನಾಂಕ, ಹೊತ್ತು ಬರೆದಿಡಿ, ಬಿಲ್ ಜೊತೆ ತಾಳೆ ನೋಡಿ, ಗಡುವಿನೊಳಗೆ ಇಮೇಲ್‌ನಲ್ಲೇ ತಕರಾರು ಹಾಕಿ. ನಮ್ಮ ಬಿಲ್‌ನಲ್ಲಿ ಒಂದಷ್ಟು ಹಾಗೆಯೇ ವಜಾ ಆಯಿತು. ಉಳಿದದ್ದನ್ನು ಕಟ್ಟಿದೆವು.